ಬಾತುಮೊಟ್ಟೆಗೆ ಕಾವು ಕೊಡುವ ಕ್ರಮವೂ ಮರಿ ಹೊರಡುವ ವೇಳೆಯ ತಾಳ್ಮೆಯೂ

ಯೆರೂಸಲೇಮಿನ ನಿಮಿತ್ತ ದುಃಖಪಟ್ಟ ನಮ್ಮ ಕರ್ತನು ತನ್ನ ಪ್ರೀತಿಯನ್ನು ರೆಕ್ಕೆಗಳ ಕೆಳಗೆ ಮರಿಗಳನ್ನು ಕೂಡಿಸುವ ಹೇಂಟೆಯ ಪ್ರೀತಿಗೆ ಹೋಲಿಸಿದ್ದನ್ನು ಮತ್ತಾಯನ ಸುವಾರ್ತೆಯ ೨೩ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹಿತ್ತಲಿನ ಪಕ್ಷಿಯಿಂದ ಕರ್ತನೇ ಪಾಠ ಹೇಳಿರಲಾಗಿ, ಅದರ ಗೂಡಿನ ಸಂಗತಿಯನ್ನು ನಾವು ಅಲ್ಪವೆಂದು ಎಣಿಸಬಾರದು. ಗದ್ದೆಯೂ ಕೆರೆಯೂ ಇರುವ ಊರುಗಳಲ್ಲಿ ಬಾತುಗಳನ್ನು ಸಾಕುವದು ಬಡ ಕುಟುಂಬಕ್ಕೆ ದೊಡ್ಡ ಆಧಾರ. ಆದರೆ ನಾಲ್ಕು ವಾರ ಪಟ್ಟ ಪ್ರಯಾಸವು ಅನೇಕರಿಗೆ ಕೊನೆಯ ಎರಡು ದಿವಸಗಳಲ್ಲಿ ವ್ಯರ್ಥವಾಗುತ್ತದೆ. ಆದಕಾರಣ ಇದರ ಕ್ರಮವನ್ನು ಇಲ್ಲಿ ವಿವರಿಸುವೆವು.

೧. ಮೊಟ್ಟೆಗಳನ್ನು ಆರಿಸುವದು

ಗಂಡುಬಾತಿನ ಸಂಗಡ ಇರುವ ಬಾತುಗಳ ಮೊಟ್ಟೆಗಳನ್ನೇ ತೆಗೆದುಕೊಳ್ಳಬೇಕು. ಬಿರುಕುಬಿಟ್ಟವುಗಳೂ ವಿಕಾರವಾದವುಗಳೂ ಕೆಸರು ಮೆತ್ತಿದವುಗಳೂ ಬೇಡ. ಬಾತು ಹೆಚ್ಚಾಗಿ ಮುಂಜಾವಿನಲ್ಲಿ ಮೊಟ್ಟೆಯಿಡುವದರಿಂದ ರಾತ್ರಿ ಅದನ್ನು ಒಣ ಬೈಹುಲ್ಲಿನ ಮೇಲೆ ಮುಚ್ಚಿಟ್ಟು, ಬಿಸಿಲೇರಿದ ಮೇಲೆ ಹೊರಗೆ ಬಿಟ್ಟರೆ ಮೊಟ್ಟೆ ಶುದ್ಧವಾಗಿರುವದು. ಕೂಡಿಸಿದ ಮೊಟ್ಟೆಗಳನ್ನು ತಂಪಾದ ಸ್ಥಳದಲ್ಲಿಟ್ಟು ಒಂದು ವಾರದೊಳಗೆ ಕಾವಿಗೆ ಇಡತಕ್ಕದ್ದು.

೨. ಕಾವು

ಹೆಚ್ಚು ಮೊಟ್ಟೆಯಿಡುವ ಬಾತುಗಳಿಗೆ ಕಾವು ಕೂಡ್ರುವ ಸ್ವಭಾವ ಕಡಿಮೆ. ಇಂಗ್ಲೆಂಡಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಸ್ತ್ರೀಯು ೧೯೦೦ರ ಸುಮಾರಿಗೆ ಬೆಳಸಿದ ಖಾಕಿ ಕ್ಯಾಂಪ್‌ಬೆಲ್ ಜಾತಿಯು ಗೂಡಿನಲ್ಲಿ ಕೂಡ್ರುವದೇ ಅಪರೂಪ. ಆದದರಿಂದ ಕಾವಿಗೆ ಕೂತ ನಾಟಿ ಹೇಂಟೆಯೇ ನಮಗೆ ಸಹಾಯ. ಬಾತುಮೊಟ್ಟೆ ದೊಡ್ಡದಾದ ಕಾರಣ ಅದರ ಕೆಳಗೆ ಎಂಟು ಮೊಟ್ಟೆಗಳು ಸಾಕು.

ಕೋಳಿಮೊಟ್ಟೆಗೆ ೨೧ ದಿವಸಗಳ ಕಾವು, ಬಾತುಮೊಟ್ಟೆಗೆ ೨೮, ಮುಖದಲ್ಲಿ ಕೆಂಪು ಗಂಟುಗಳುಳ್ಳ ಮಸ್ಕೊವಿ ಬಾತಿನ ಮೊಟ್ಟೆಗಾದರೋ ೩೫. ಹೀಗೆ ಹೇಂಟೆಯು ತನ್ನ ಸ್ವಭಾವಕ್ಕಿಂತ ಒಂದು ವಾರ ಹೆಚ್ಚಾಗಿ ಕೂಡ್ರಬೇಕಾಗುವದು. ಆದಕಾರಣ ದಿನಾಲು ಅದನ್ನು ಎಬ್ಬಿಸಿ ಕಾಳು ನೀರು ಕೊಡಬೇಕು. ದೊಡ್ಡ ಮೊಟ್ಟೆಗಳನ್ನು ಅದು ಚೆನ್ನಾಗಿ ಹೊರಳಿಸಲಾರದು. ಒಂದು ಮಗ್ಗುಲಿಗೆ ಸೀಸದ ಕಡ್ಡಿಯಿಂದ ಗುರುತು ಮಾಡಿ ೨೫ನೆಯ ದಿವಸದ ವರೆಗೆ ದಿನಕ್ಕೆ ಮೂರಾವರ್ತಿ ನಾವೇ ಹೊರಳಿಸಬೇಕು. ಗಾಳಿ ಬೀಸುವ ಯಂತ್ರವುಳ್ಳ ಕಾವುಪೆಟ್ಟಿಗೆಯಿದ್ದವರು ಶಾಖವನ್ನು ೩೭.೫ ಸೆಂಟಿಗ್ರೇಡಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ತಾಯಿಬಾತು ನೀರಿನಿಂದ ಒದ್ದೆಮೈಯಲ್ಲಿ ಗೂಡಿಗೆ ಬರುವದು. ಹೇಂಟೆ ಹಾಗೆ ಬಾರದು. ಆ ಕೊರತೆಯನ್ನು ತೀರಿಸಲು ಉಗುರುಬೆಚ್ಚಗಿನ ನೀರನ್ನು ಮೊಟ್ಟೆಗಳ ಮೇಲೆ ಸ್ವಲ್ಪವಾಗಿ ಚಿಮುಕಿಸಬೇಕು. ಕೊನೆಯ ಮೂರು ದಿವಸ ಇದು ಅತ್ಯವಶ್ಯ. ತೇವ ಸಾಲದಿದ್ದರೆ ಚಿಪ್ಪಿನೊಳಗಣ ಪೊರೆಯು ತೊಗಲಿನ ಹಾಗೆ ಬಿಗಿದು ಮರಿಯನ್ನು ಸೆರೆಹಿಡಿಯುವದು.

ಎಂಟನೆಯ ರಾತ್ರಿ ಕತ್ತಲೆಯಲ್ಲಿ ಪ್ರತಿ ಮೊಟ್ಟೆಯನ್ನು ಟಾರ್ಚ್ ದೀಪಕ್ಕೆ ಹಿಡಿದು ನೋಡಿರಿ. ಜೇಡನ ಬಲೆಯಂತೆ ಕೆಂಪು ನರಗಳು ಕಂಡರೆ ಜೀವವಿದೆ. ಏನೂ ಕಾಣದೆ ತಿಳಿಯಾಗಿರುವದನ್ನು ತೆಗೆದುಬಿಡಬೇಕು.

೩. ಮರಿ ಹೊರಡುವ ಕಾಲ

ಅದುವರೆಗೂ ಮರಿಯು ಶ್ವಾಸಕೋಶದಿಂದ ಉಸಿರಾಡುವದಿಲ್ಲ. ಪೊರೆಯಲ್ಲಿ ಹರಡಿದ ರಕ್ತನರಗಳು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿಯನ್ನು ಎಳೆದು ಅದಕ್ಕೆ ಒದಗಿಸುವವು. ಹೊರಡುವದಕ್ಕೆ ಸ್ವಲ್ಪ ಮುಂಚೆ ಅದು ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಣೆಯೊಳಗೆ ಕೊಕ್ಕನ್ನು ತೂರಿಸಿ ಮೊದಲನೆಯ ಉಸಿರೆಳೆಯುವದು. ಆಗ ಚಿಪ್ಪಿನೊಳಗಿಂದ ಕೀಚು ಧ್ವನಿ ಕೇಳಿಸುವದು. ಬಳಿಕ ಕೊಕ್ಕಿನ ತುದಿಯ ಗಟ್ಟಿಯಾದ ಮೊನೆಯಿಂದ ಚಿಪ್ಪನ್ನು ಒಡೆದು, ಒಮ್ಮೆಲೆ ಸುಮ್ಮನಾಗುವದು.

ಇಲ್ಲಿಯೇ ಮನೆಯವರು ತಪ್ಪುತ್ತಾರೆ. ಮರಿ ಬಳಲಿತು, ಸಾಯುತ್ತದೆ ಎಂದು ಕನಿಕರದಿಂದ ಚಿಪ್ಪನ್ನು ಸುಲಿಯುತ್ತಾರೆ. ಅದು ಬಳಲಿದ್ದಲ್ಲ, ನರಗಳ ರಕ್ತವನ್ನೂ ಉಳಿದ ಹಳದಿ ಭಂಡಾರವನ್ನೂ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಾ ಇದೆ. ಆಗ ಸುಲಿದರೆ ನರ ಹರಿದು ರಕ್ತ ಸುರಿಯುವದು. ಮರಿ ನಮ್ಮ ಕೈಯಲ್ಲೇ ಸಾಯುವದು. ಮೊದಲ ಬಿರುಕಿನಿಂದ ಹೊರಬರುವ ತನಕ ಒಂದು ದಿವಸ, ಕೆಲವು ಸಾರಿ ಎರಡು ದಿವಸ ಹಿಡಿಯುವದು ಸಹಜ.

೪. ಯಾವಾಗ ಸಹಾಯ ಮಾಡಬೇಕು

ಬಿರುಕು ಬಿದ್ದು ಒಂದು ಹಗಲು ಒಂದು ರಾತ್ರಿ ಪೂರಾ ಕಳೆಯುವ ತನಕ ಮುಟ್ಟಬಾರದು. ಎರಡನೆಯ ದಿವಸವೂ ರಂಧ್ರವು ಅಗಲವಾಗದೆ, ಪೊರೆಯು ಒಣಗಿ ಮರಿಗೆ ಅಂಟಿಕೊಂಡಿದ್ದರೆ ಮಾತ್ರ, ಕೈ ತೊಳೆದು, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗಿನ ಹೊಳ್ಳೆಗಳನ್ನು ಬಿಟ್ಟು ಪೊರೆಯನ್ನು ನೆನಸಿರಿ. ದಪ್ಪ ತುದಿಯಲ್ಲಿ ಚಿಪ್ಪಿನ ಸಣ್ಣ ಚೂರುಗಳನ್ನು ಒಂದೊಂದಾಗಿ ಎತ್ತಿರಿ. ಕೆಂಪು ನರ ಕಂಡರೆ ಕೂಡಲೆ ನಿಲ್ಲಿಸಿ ಮೊಟ್ಟೆಯನ್ನು ತಿರಿಗಿ ಕಾವಿಗೆ ಇಟ್ಟು, ಕೆಲವು ತಾಸು ಕಾದುಕೊಳ್ಳಿರಿ. ನರ ಕಾಣದಿದ್ದರೆ ಮೇಲಿನ ಭಾಗವನ್ನು ಬಿಡಿಸಿದರೆ ಸಾಕು. ಮರಿಯನ್ನು ಎಳೆಯಬಾರದು, ತಾನೇ ಒದ್ದು ಹೊರಬರಲಿ.

ಹೊರಬಂದ ಮರಿಯು ಕಾವಿನಲ್ಲೇ ಒಣಗಲಿ. ತರುವಾಯ ನುಚ್ಚಕ್ಕಿಯ ಅನ್ನವನ್ನೂ, ಕೊಕ್ಕು ಮುಳುಗುವಷ್ಟು ನೀರನ್ನೂ ಇಡಬೇಕು. ಹೇಂಟೆಯ ಮರಿಗಳನ್ನು ಬೇಗನೆ ಕೆರೆಗೆ ಬಿಟ್ಟರೆ ನೆನೆದು ಸಾಯುವವು. ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯು ಬಾತುಮರಿಗಳಿಗೆ ವಿಷವೆಂದು ತಿಳಿಯಿರಿ.

೫. ನಮಗಿರುವ ಬುದ್ಧಿ

ಕಾದುಕೊಂಡಿರುವದು ಬೇರೆ, ಉದಾಸೀನವಾಗಿರುವದು ಬೇರೆ. ಕಾವನ್ನೂ ತೇವವನ್ನೂ ಕೊಡದೆ ಸುಮ್ಮನಿದ್ದವನು ತಾಳ್ಮೆಯುಳ್ಳವನಲ್ಲ. ಅವೆರಡನ್ನೂ ಕೊಟ್ಟ ಮೇಲೆ ಕೈ ತಡೆದುಕೊಳ್ಳುವದೇ ತಾಳ್ಮೆ. ದೃಢೀಕರಣದ ತರಗತಿಯಲ್ಲಿ ಹುಡುಗನು ಉತ್ತರಕ್ಕೆ ತಡೆದಾಗ ಉಪದೇಶಿಗಳಾದ ನಾವು ಅವನಿಗಾಗಿ ಉತ್ತರ ಹೇಳಿಬಿಟ್ಟರೆ, ಅವನಲ್ಲಿ ವಿಶ್ವಾಸವು ಬಲಿಯುವ ಮೊದಲೇ ಚಿಪ್ಪನ್ನು ಸುಲಿದಂತಾಗುವದು. ಹೊಸದಾಗಿ ಸಭೆಗೆ ಸೇರಿದವನು ಮೌನವಾಗಿದ್ದರೆ ಅವನು ತಣ್ಣಗಾದನೆಂದು ಹಿರಿಯರು ಆತುರದಿಂದ ತೀರ್ಪುಮಾಡಬಾರದು. ಪ್ರೀತಿಯ ಕಾವಿನಲ್ಲಿ ಇಟ್ಟು, ಪ್ರಾರ್ಥಿಸುತ್ತಾ ಕಾದುಕೊಳ್ಳಲಿ. ಜೀವ ಕೊಡುವಾತನು ದೇವರು. ಗೂಡನ್ನು ಕಾಯುವದಷ್ಟೇ ನಮ್ಮ ಪಾಲಿನ ಕೆಲಸ.

ಪ್ರಶ್ನೆಗಳು: (೧) ಬಿರುಕು ಬಿದ್ದ ಮೇಲೆ ಮರಿಯು ಸುಮ್ಮನಾಗುವದು ಯಾಕೆ? (೨) ಸಹಾಯ ಮಾಡುವಾಗ ಯಾವ ಗುರುತನ್ನು ಕಂಡರೆ ನಿಲ್ಲಿಸಬೇಕು? (೩) ನಿಮ್ಮ ಮನೆಯಲ್ಲಿ ಈಗ ಯಾರಿಗೋಸ್ಕರ ಕಾದುಕೊಳ್ಳಬೇಕಾಗಿದೆ?