ಇಂದಿನ ಚಿಂತನೆ: ಬಿಡುಗಡೆಯಾದರೆ ನಡೆದೇ ಇಲ್ಲವೆ?



ಕಳೆದ ಭಾನುವಾರ ಭದ್ರಾವತಿಯಲ್ಲಿ ನಮ್ಮ ಪಿಯುಸಿ ಮಕ್ಕಳಿಗೆ 2016ರ ‘ಡಿನಯಲ್’ ಸಿನಿಮಾ ತೋರಿಸಿದೆ. ಇಂಗ್ಲಿಷ್ ಸಿನಿಮಾ, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು. ಹಿಟ್ಲರನ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಆಶ್‌ವಿಟ್ಜ್‌ನಲ್ಲಿ ವಿಷಾನಿಲದಿಂದ ಕೊಂದದ್ದೇ ಸುಳ್ಳು ಎನ್ನುತ್ತಿದ್ದವನು ಡೇವಿಡ್ ಅರ್ವಿಂಗ್. ಅವನ ಬಣ್ಣ ಬಯಲು ಮಾಡಿ ಬರೆದ ಡೆಬೊರಾ ಲಿಪ್‌ಸ್ಟಾಟ್ ಮೇಲೆ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಬರೆದದ್ದು ನಿಜವೆಂದು ಸಾಬೀತು ಮಾಡುವ ಹೊರೆ ಆಕೆಯ ಮೇಲೆಯೇ ಬಿತ್ತು. 2000ದ ಏಪ್ರಿಲ್ 11ರಂದು ಅವನು ಸೋತ.

ಸಿನಿಮಾ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: “ಸರ್, ನಮ್ಮ ಕಂಬಾಲಪಲ್ಲಿ ಕೇಸಲ್ಲಿ ಎಲ್ಲರೂ ಬಿಡುಗಡೆ ಆದ್ರಲ್ಲ. ಅದು ನಡೆದೇ ಇಲ್ಲ ಅಂತ ಯಾರಾದ್ರೂ ಅಂದ್ರೆ ಏನು ಹೇಳೋದು?”

ನಾನು ತಡವರಿಸಿದೆ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವಾಗ ತಾರೀಖು ಹೊಳೆಯಿತು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ 7 ಜನರನ್ನು ಸುಟ್ಟು ಕೊಂದದ್ದು 2000ದ ಮಾರ್ಚ್ 11ರಂದು. ಲಂಡನ್ ತೀರ್ಪಿಗೆ ಸರಿಯಾಗಿ ಒಂದು ತಿಂಗಳು ಮೊದಲು. ಸಾಕ್ಷಿಗಳು ಪ್ರತಿಕೂಲ ನುಡಿದರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇವರೇ ಮಾಡಿದರೆಂದು ಸಾಬೀತಾಗಲಿಲ್ಲ ಎಂಬುದು ಒಂದು ಮಾತು. ಯಾರೂ ಸುಡಲೇ ಇಲ್ಲ ಎಂಬುದು ಬೇರೆಯೇ ಮಾತು. ಹುಡುಗನಿಗೆ ನಾನು ಅಷ್ಟನ್ನಾದರೂ ಹೇಳಬೇಕಿತ್ತು.

ಸಿನಿಮಾದಲ್ಲಿ ಇನ್ನೊಂದು ವಿಷಯವಿದೆ. ಬದುಕುಳಿದವರು ಸಾಕ್ಷಿ ಹೇಳುತ್ತೇವೆಂದರೂ ವಕೀಲರು ಕಟಕಟೆಗೆ ಕರೆಯಲಿಲ್ಲ. ಅರ್ವಿಂಗ್ ತಾನೇ ವಾದಿಸುತ್ತಿದ್ದ, ಅವರನ್ನು ಅವಮಾನಿಸುತ್ತಿದ್ದ. ಬದಲಿಗೆ ಇತಿಹಾಸಕಾರ ರಿಚರ್ಡ್ ಇವಾನ್ಸ್ ಅವನ ಪುಸ್ತಕಗಳನ್ನು ಮೂಲ ದಾಖಲೆಗಳ ಜೊತೆ ಇಟ್ಟು ನೋಡಿದರು. ತಪ್ಪುಗಳು ಹಿಟ್ಲರನ ಪರವಾಗಿಯೇ ವಾಲಿದ್ದವು. ನಮ್ಮಲ್ಲಿ ಆದದ್ದು ತಿರುಗುಮುರುಗು: ಅದೇ ಸೀಮೆಯಲ್ಲಿ ಬಾಳಬೇಕಾದ ಬಡವರ ನಾಲಿಗೆಯ ಮೇಲೆಯೇ ಇಡೀ ಕೇಸನ್ನು ಹೊರಿಸಿದರು.

ಕಾಲಾಮ ಸುತ್ತವನ್ನು ನಾವು ಎಷ್ಟು ಸಲ ಓದಿಲ್ಲ! ಕೇಳಿದ್ದನ್ನೆಲ್ಲ ನಂಬಬೇಡಿ ಎಂಬುದನ್ನು ಅರ್ವಿಂಗನೂ ತನ್ನ ಪರ ಬಳಸಬಲ್ಲ. ಆದರೆ ಭಗವಾನರು ಕಾಲಾಮರನ್ನು ಸಂಶಯದಲ್ಲೇ ಕೂರಿಸಲಿಲ್ಲ; ಲೋಭ, ದ್ವೇಷ, ಮೋಹದಿಂದ ಯಾರಿಗೆ ಕೇಡಾಗುತ್ತದೆ ಎಂದು ಪ್ರಶ್ನೆ ಮಾಡುತ್ತ ಹೋದರು. ಅರ್ವಿಂಗನ ಸಂಶಯ ಒಂದೇ ದಿಕ್ಕಿಗೆ ಹರಿಯುತ್ತದೆ, ಸತ್ತವರ ಕಡೆಗೆ ಮಾತ್ರ.

ಬಂಧುಗಳೇ, 2000ದ ಮಾರ್ಚ್ ತಿಂಗಳ ಪತ್ರಿಕೆಗಳನ್ನು ಯಾರಾದರೂ ಎತ್ತಿಟ್ಟಿದ್ದರೆ ಫೋಟೊ ತೆಗೆದು ಕಳಿಸಿ. ಈ ಭಾನುವಾರ ಭದ್ರಾವತಿಗೆ ಒಯ್ಯುತ್ತೇನೆ. ಆ ಹುಡುಗನಿಗೆ ಉತ್ತರ ಬಾಕಿ ಇದೆ.

ಭವತು ಸಬ್ಬ ಮಂಗಲಂ.