ತವರಿಗೆ ಬರುವ ಹಕ್ಕಿಗಳು ಮತ್ತು ನಮ್ಮ ಒಡೆತನ



ದೇವರು ಮನುಷ್ಯನಿಗೆ ಭೂಮಿಯ ಮೇಲೆ ಒಡೆತನ ಕೊಟ್ಟರೆಂದು ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಓದುತ್ತೇವೆ. ಹಾಗಾದರೆ ಭೂಮಿಯನ್ನು ಮನಸ್ಸಿಗೆ ಬಂದಂತೆ ಬಳಸಬಹುದೇ? ಎರಡನೆಯ ಅಧ್ಯಾಯ (2:15) ಇದಕ್ಕೆ ಉತ್ತರ ಕೊಡುತ್ತದೆ. ತೋಟದಲ್ಲಿ ದುಡಿಯುವುದರ ಜೊತೆಗೆ ಅದನ್ನು ಕಾಯುವ ಹೊಣೆಯನ್ನೂ ದೇವರು ಮನುಷ್ಯನಿಗೆ ವಹಿಸಿದರು.

ಈ ಪಾಠವನ್ನು ಕಣ್ಣಾರೆ ಕಾಣಬೇಕಾದರೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಿಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಆದರೆ ಕಾನೂನು ಬರುವ ಮೊದಲೇ ಹಕ್ಕಿಗಳನ್ನು ಕಾದವರು ಊರಿನವರು. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳಂತೆ ಅವರು ಈ ಹಕ್ಕಿಗಳನ್ನು ಕಾಣುತ್ತಾರೆ.

ಮಗಳ ಬಾಣಂತನಕ್ಕೆ ತವರು ಖರ್ಚು ಮಾಡುವಂತೆ ಇದಕ್ಕೂ ಖರ್ಚುಂಟು. ಹುಣಿಸೆ ಬಲಿಯುವ ಕಾಲದಲ್ಲಿ ಗೂಡುಗಳಲ್ಲಿ ಮರಿಗಳಿರುತ್ತವೆ. ಕೊಂಬೆ ಬಡಿದರೆ ಹಣ್ಣಿನ ಜೊತೆ ಮರಿಯೂ ಉದುರುತ್ತದೆ. ಆದ್ದರಿಂದ ಮರದ ಒಡೆಯರು ಫಸಲನ್ನೇ ಬಿಟ್ಟುಕೊಡಬೇಕಾಗುತ್ತದೆ. ಹಕ್ಕಿಯ ಹಿಕ್ಕೆ ಹೊಲಕ್ಕೆ ಒಳ್ಳೆಯ ಗೊಬ್ಬರ, ನಿಜ. ಅರಣ್ಯ ಇಲಾಖೆ ಪರಿಹಾರ ಕೊಡುವುದೂ ಉಂಟು. ಆದರೂ ಮದುವೆಯ ಸಾಲವೋ ಆಸ್ಪತ್ರೆಯ ಖರ್ಚೋ ಎದುರಾದಾಗ ಮರ ಮಾರುವ ಯೋಚನೆ ಬಂದರೆ ಆಶ್ಚರ್ಯವಿಲ್ಲ. ಬಡವನ ಮರವನ್ನು ಉಳಿಸೆಂದು ಉಪದೇಶಿಸುವುದು ಸುಲಭ. ಅವನ ಹೊರೆಯಲ್ಲಿ ಪಾಲು ಹೊರದ ಉಪದೇಶಕ್ಕೆ ಬೆಲೆಯಿಲ್ಲ.

ಧರ್ಮೋಪದೇಶಕಾಂಡದಲ್ಲಿ (22:6-7) ಒಂದು ಸಣ್ಣ ಕಟ್ಟಳೆಯಿದೆ. ಹಕ್ಕಿಗೂಡು ಸಿಕ್ಕಾಗ ಮರಿಗಳನ್ನು ತೆಗೆದುಕೊಂಡರೂ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕು. ಸೃಷ್ಟಿಯನ್ನು ಬಳಸಲೇಬಾರದೆಂದು ದೇವರು ಹೇಳಲಿಲ್ಲ. ಆದರೆ ನಾಳೆಗೆ ಬೇಕಾದುದನ್ನು ಮುಟ್ಟಬಾರದೆಂದು ನಮ್ಮ ಕೈಗೆ ಮಿತಿ ಹಾಕಿದರು. ನಮ್ಮ ಕಬ್ಬಿಗೆ ನೀರು ಬೇಕು, ಮನೆಗೆ ಮರಳು ಬೇಕು. ಆದರೆ ಶಿಂಷೆಯ ಒಡಲನ್ನೇ ಬಗೆದರೆ, ಕೆರೆಗಳಿಗೆ ಹೂಳು ತುಂಬಲು ಬಿಟ್ಟರೆ, ತಾಯಿಹಕ್ಕಿಯನ್ನೂ ಹಿಡಿದಂತೆಯೇ. ಆಗ ಹಕ್ಕಿಗೆ ಮೀನಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ರೈತನ ಬಾವಿಯಲ್ಲಿ ನೀರೂ ಇಲ್ಲ. ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಆಲಿಸಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬೋಧಿಸಿದ್ದು ಇದಕ್ಕಾಗಿಯೇ.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಮಕ್ಕಳೊಡನೆ ಕುಳಿತು ಚಿಂತಿಸಿರಿ:

1. ನಮ್ಮ ಹೊಲದಲ್ಲಿ, ಹಿತ್ತಲಲ್ಲಿ ಇತರ ಜೀವಿಗಳಿಗೆಂದು ಏನನ್ನು ಉಳಿಸಿದ್ದೇವೆ?

2. ನಾಲೆಯ ಕೊನೆಯ ಭಾಗದ ರೈತನನ್ನು ನೆನೆದು ನೀರು ಬಳಸುತ್ತೇವೆಯೇ?

3. ಕಷ್ಟಕ್ಕೆ ಸಿಕ್ಕಿ ಮರ ಮಾರಲು ಹೊರಟ ನೆರೆಯವರಿಗೆ ನಮ್ಮಿಂದ ಯಾವ ನೆರವು ಸಾಧ್ಯ?

ಮೂರನೆಯ ಪ್ರಶ್ನೆಗೆ ಉತ್ತರ ಹುಡುಕದೆ ಮೊದಲ ಎರಡಕ್ಕೆ ಮಾತ್ರ ಉತ್ತರಿಸಿದರೆ ಸಾಲದು. ಸೃಷ್ಟಿಯ ಪ್ರೀತಿ ನೆರೆಯವರ ಪ್ರೀತಿಯಿಂದ ಬೇರೆಯಲ್ಲ.