ಕೆರೆಯ ನೀರಿಗೆ ‘ಸಿ’ ದರ್ಜೆ ಕೇಳಿ

ಕೆರೆ ನಾರುತ್ತಿದೆ ಎಂದು ಅರ್ಜಿ ಕೊಟ್ಟರೆ ಎಷ್ಟೋ ಕಡೆ ಬೇಲಿ, ದೀಪ, ನಡಿಗೆ ಪಥ ಬರುತ್ತವೆ. ರಾಜಕಾಲುವೆಯ ಕೊಳಚೆ ಮಾತ್ರ ನಿಲ್ಲುವುದಿಲ್ಲ. ‘ಕೆರೆ ಅಭಿವೃದ್ಧಿಪಡಿಸಿ’ ಎಂಬ ಬೇಡಿಕೆಗೆ ಅಳತೆಗೋಲು ಇಲ್ಲದಿರುವುದೂ ಇದಕ್ಕೆ ಕಾರಣ. ನೀರಿನ ದರ್ಜೆಗೆ ಅಳತೆಗೋಲು ಇದೆ. ಅದನ್ನೇ ಹಿಡಿದು ಕೇಳಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಜಲಮೂಲಗಳನ್ನು ಬಳಕೆಗೆ ತಕ್ಕಂತೆ ‘ಎ’ಯಿಂದ ‘ಇ’ವರೆಗೆ ವಿಂಗಡಿಸಿದೆ. ಸಾಮಾನ್ಯ ಶುದ್ಧೀಕರಣ, ಸೋಂಕು ನಿವಾರಣೆ ಮಾಡಿ ಕುಡಿಯಲು ಒದಗಿಸಬಹುದಾದದ್ದು ‘ಸಿ’. ಅದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) 3 ಮಿಲಿಗ್ರಾಂ ಮೀರಬಾರದು. ‘ಡಿ’ ಮೀನುಗಾರಿಕೆಗೆ, ‘ಇ’ ನೀರಾವರಿಗೆ. ಕಾರ್ಖಾನೆಗಳ ನೀರು ಸೇರುವ ಕೆರೆಯಾದರೆ ಸೀಸ, ಕ್ರೋಮಿಯಂನಂಥ ಭಾರಲೋಹಗಳ ಪರೀಕ್ಷೆಯನ್ನೂ ಕೇಳಲೇಬೇಕು. ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಎತ್ತಿ ತರುವ ಬೆಂಗಳೂರು 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಪಟ್ಟ ಪಾಡು ನೆನೆದರೆ, ‘ಸಿ’ ದರ್ಜೆ ಕೇಳುವುದು ಅತಿಯಾಸೆಯಲ್ಲ.

ಮೊದಲು ದಾಖಲೆ ಕೂಡಿಸಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಕೆರೆಯ ನೀರಿನ ಪರೀಕ್ಷಾ ವರದಿಗಳನ್ನು ಕೇಳಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ಕೆರೆಯ ಸರ್ವೆ ನಕ್ಷೆಗೆ ತಹಶೀಲ್ದಾರ್ ಕಚೇರಿಗೆ ಬೇರೆ ಅರ್ಜಿಯೇ ಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ. ನೀವೇ ಬಾಟಲಿಯಲ್ಲಿ ತುಂಬಿ ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟ ಮಾದರಿಯನ್ನಷ್ಟೇ ನಂಬಬೇಡಿ. 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮಂಡಳಿಯೇ ಮಾದರಿ ತೆಗೆಯಬೇಕೆಂದು ಲಿಖಿತವಾಗಿ ಒತ್ತಾಯಿಸಿ, ಸ್ವೀಕೃತಿ ಪಡೆಯಿರಿ.

ಅಪಾಯ ತಕ್ಷಣದ್ದಾದರೆ ಉಪವಿಭಾಗಾಧಿಕಾರಿಯ ಬಳಿ ಹೋಗಬಹುದು. ಸಾರ್ವಜನಿಕ ಉಪದ್ರವ ನಿವಾರಿಸಲು ಆದೇಶಿಸುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಅವರಿಗಿದೆ. ‘ದುಡ್ಡಿಲ್ಲ’ ಎಂಬ ನಗರಸಭೆಯ ನೆಪ ನಡೆಯದು ಎಂದು ಸುಪ್ರೀಂ ಕೋರ್ಟ್ ರತ್ಲಾಂ ಪ್ರಕರಣದಲ್ಲಿ 1980ರಲ್ಲೇ ಹೇಳಿದೆ. ಶುದ್ಧ ನೀರು ಜೀವಿಸುವ ಹಕ್ಕಿನ ಭಾಗವೆಂದು 1991ರ ಸುಭಾಷ್ ಕುಮಾರ್ ತೀರ್ಪು ಹೇಳುತ್ತದೆ. ಈ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ದಕ್ಷಿಣ ವಲಯ ಪೀಠ. ಪರಿಹಾರ ಧನ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇಲ್ಲಿ ಗಡುವು ನಿರ್ಣಾಯಕ: ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಡಿ ಪರಿಸರ ವ್ಯಾಜ್ಯದ ಅರ್ಜಿಗೆ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಹಾಳಾದ ಪರಿಸರವನ್ನು ಪುನಃಸ್ಥಾಪಿಸಲು ಕೋರುವ 15ನೇ ಕಲಮಿಗೆ 5 ವರ್ಷ. ತಕ್ಕ ಕಾರಣವಿದ್ದರೆ ಎರಡಕ್ಕೂ ಇನ್ನೂ 60 ದಿನ ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಕೆರೆ ಕೆಟ್ಟು ವರ್ಷ ದಾಟಿದೆಯೆಂದು ಕೈಚೆಲ್ಲುವವರು 15ನೇ ಕಲಮನ್ನು ಗಮನಿಸಬೇಕು.

ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡದ್ದನ್ನು ನಾಡು ಕಂಡಿತು. 2018ರ ಡಿಸೆಂಬರಿನಲ್ಲಿ ಇದೇ ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ವಿಧಿಸಿ, ಪುನಶ್ಚೇತನಕ್ಕೆ 500 ಕೋಟಿ ತೆಗೆದಿಡಲು ಆದೇಶಿಸಿತು. ಆದರೆ ಆದೇಶ ಬಂದ ಮೇಲೂ ಕಾವಲು ಬೇಕು. ನಿಮ್ಮ ಬಡಾವಣೆಯ ನಾಲ್ಕಾರು ಮನೆಯವರು ಸೇರಿ, ಕೆರೆಯ ಕಳೆದ ವರ್ಷದ ನೀರಿನ ವರದಿಗೆ ಈ ವಾರವೇ ಅರ್ಜಿ ಹಾಕಿ.